ವಿಚಾರಣೆಯ ವೇಳೆ ವಕೀಲರನ್ನು ಕಾಣುವಂತಿಲ್ಲವೇ? ಸತ್ಯಾಂಶ ಇಲ್ಲಿದೆ

‘ಠಾಣೆಯಲ್ಲಿ ವಿಚಾರಣೆ ಮುಗಿದು ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವವರೆಗೆ ವಕೀಲರನ್ನು ಕಾಣುವಂತಿಲ್ಲ’ ಎಂಬ ಸಂದೇಶವೊಂದು ಶಿರಸಿ, ಕುಮಟಾ, ಕಾರವಾರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಸಂವಿಧಾನದ 22(1)ನೇ ವಿಧಿಯು ಬಂಧಿತ ವ್ಯಕ್ತಿಗೆ ತನ್ನ ಆಯ್ಕೆಯ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು, ಬಂಧಿತರನ್ನು ಪೊಲೀಸರು ವಿಚಾರಣೆಗೆ ಒಳಪಡಿಸುವಾಗಲೇ ವಕೀಲರನ್ನು ಭೇಟಿಯಾಗಲು ಅವಕಾಶ ಕೊಡುತ್ತದೆ, ಆದರೆ ವಿಚಾರಣೆಯ ಉದ್ದಕ್ಕೂ ಅಲ್ಲ. ಸಂದೇಶ ಬರೆದವರು ಬಹುಶಃ ಈ ಕೊನೆಯ ಮಾತನ್ನಷ್ಟೇ ಹಿಡಿದು ಹಕ್ಕೇ ಇಲ್ಲವೆಂದು ಭಾವಿಸಿರಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 41ಡಿ ಕಲಮಿನಲ್ಲೂ ಇದೇ ನಿಯಮವಿತ್ತು.

ಅದೇ ಸಂದೇಶವು ಕ್ರಿಮಿನಲ್ ಪ್ರಕರಣಗಳಲ್ಲಿ ಸರ್ಕಾರದ ಪರ ವಾದಿಸುವ ಸರ್ಕಾರಿ ಅಭಿಯೋಜಕರನ್ನು (ಪಬ್ಲಿಕ್ ಪ್ರಾಸಿಕ್ಯೂಟರ್) ‘ಪೊಲೀಸರ ವಕೀಲರು’ ಎಂದು ಕರೆಯುತ್ತದೆ. ವಾಸ್ತವದಲ್ಲಿ ಅವರು ಸತ್ಯವನ್ನು ಕಂಡುಕೊಳ್ಳಲು ನ್ಯಾಯಾಲಯಕ್ಕೆ ನೆರವಾಗಬೇಕಾದವರು. ಹೇಗಾದರೂ ಶಿಕ್ಷೆ ಕೊಡಿಸುವುದು ಅವರ ಕೆಲಸವಲ್ಲ, ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಅವರು ಮುಚ್ಚಿಡುವಂತೆಯೂ ಇಲ್ಲ.

ವಕೀಲರ ಶುಲ್ಕ ಭರಿಸಲಾಗದವರ ಪಾಡೇನು ಎಂಬ ಪ್ರಶ್ನೆ ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಕಸ್ಟಡಿಯಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಅದಕ್ಕಾಗಿ ಕುಟುಂಬದವರು ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು, ಇಲ್ಲವೇ 15100 ಸಹಾಯವಾಣಿಗೆ ಕರೆ ಮಾಡಬಹುದು.