ಹಳೆಯ ಸ್ಕ್ರೂಬಾಲ್ ಕಾಮಿಡಿಗಳಿಗೆ ಇಂದಿಗೂ ಜೀವ ಇದೆಯೇ?

ಪರ: ಅವಳ ಮಾತಿಗೆ ಅವನು ಉತ್ತರ ಕೊಡಲೇಬೇಕು

ಸ್ಕ್ರೂಬಾಲ್ ಕಾಮಿಡಿ ಅಂದರೆ ಗಂಡು ಹೆಣ್ಣು ಚುರುಕು ಮಾತಿನಲ್ಲೇ ಜಗಳವಾಡಿ ಪ್ರೀತಿಸುವ, 1930-40ರ ದಶಕಗಳ ಹಾಲಿವುಡ್ ನಗೆಚಿತ್ರ. 1940ರ ‘ಹಿಸ್ ಗರ್ಲ್ ಫ್ರೈಡೇ’ ಚಿತ್ರದ ಶುರುವಿನ ದೃಶ್ಯವನ್ನೇ ನೋಡಿ. ಹಿಲ್ಡಿ ಜಾನ್ಸನ್ ಪತ್ರಿಕಾ ಕಚೇರಿಗೆ ಬರುತ್ತಾಳೆ. ಸಂಪಾದಕ ವಾಲ್ಟರ್ ಬರ್ನ್ಸ್ ಅವಳ ಮಾಜಿ ಗಂಡ. ಮಾಜಿ ಬಾಸ್ ಕೂಡ. ‘ಕೆಲಸ ಬಿಟ್ಟೆ, ನಾಳೆ ಬೇರೆಯವರನ್ನು ಮದುವೆ ಆಗ್ತೀನಿ’ ಎಂದು ತಿಳಿಸಲು ಬಂದಿದ್ದಾಳೆ. ಅದನ್ನು ಹೇಳಲು ಅವನು ಬಿಡುವುದಿಲ್ಲ. ಅವಳೂ ಬಿಟ್ಟುಕೊಡುವವಳಲ್ಲ. ಅವನ ವಾಕ್ಯ ಮುಗಿಯುವ ಮುಂಚೆ ಇವಳದು ಶುರು, ಇವಳದು ಮುಗಿಯುವ ಮುಂಚೆ ಅವನದು. ನಿರ್ದೇಶಕ ಹೊವಾರ್ಡ್ ಹಾಕ್ಸ್ ಇದಕ್ಕೊಂದು ಉಪಾಯ ಮಾಡಿದ್ದರು. ಸಂಭಾಷಣೆಯ ಹಿಂದೆ ಮುಂದೆ ಬೇಕಿಲ್ಲದ ಪದಗಳನ್ನು ಸೇರಿಸಿ ಬರೆಸಿದ್ದರು. ಹಾಗಾಗಿ ಮಾತಿನ ಮೇಲೆ ಮಾತು ಬಿದ್ದರೂ ನಡುವಿನ ಮುಖ್ಯ ಪದ ಕೇಳಿಸುತ್ತದೆ.

ಈ ಕಥೆ 1928ರ ಒಂದು ನಾಟಕದ್ದು. ಅದರಲ್ಲಿ ಹಿಲ್ಡಿ ಗಂಡಸು. ಹಾಕ್ಸ್ ಆ ಪಾತ್ರವನ್ನು ಹೆಣ್ಣಾಗಿ ಬದಲಿಸಿದರು, ಆದರೆ ಅವಳ ಬಾಯಿಯ ಬಲವನ್ನು ತಗ್ಗಿಸಲಿಲ್ಲ. ಕಚೇರಿಯಲ್ಲಿ ಚೆನ್ನಾಗಿ ಬರೆಯುವವಳು ಅವಳೇ. ಅದು ಎಲ್ಲರಿಗೂ ಗೊತ್ತು, ವಾಲ್ಟರ್‌ಗಂತೂ ಚೆನ್ನಾಗಿಯೇ ಗೊತ್ತು.

ಸ್ಕ್ರೂಬಾಲ್ ಚಿತ್ರಗಳು ಇಂದಿಗೂ ಹಿಡಿದು ಕೂರಿಸಲು ನನ್ನ ಮಟ್ಟಿಗೆ ಕಾರಣ ಇದು. ಹೆಣ್ಣು ಮಾತಾಡುತ್ತಾಳೆ, ಗಂಡು ಉತ್ತರ ಕೊಡಲೇಬೇಕು. ಸುಮ್ಮನಿದ್ದರೆ ಅವನು ಸೋತ ಹಾಗೆ. ಪ್ರೀತಿ ಹುಟ್ಟುವುದು ಜಗಳದ ಮಧ್ಯೆ. ತನ್ನಷ್ಟೇ ಚುರುಕಾದ ಇನ್ನೊಬ್ಬರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಹುಟ್ಟುತ್ತದೆ. ಇಂದಿನ ಎಷ್ಟು ಪ್ರೇಮಚಿತ್ರಗಳಲ್ಲಿ ನಾಯಕಿಗೆ ಇಷ್ಟು ಸಾಲುಗಳಿವೆ ಹೇಳಿ?

ಇದರ ಹಿಂದೆ ಸೆನ್ಸಾರ್‌ನ ಪಾತ್ರವೂ ಇದೆ. 1934ರ ಜುಲೈಯಿಂದ ಜೋಸೆಫ್ ಬ್ರೀನ್ ಅವರ ಕೈಕೆಳಗೆ ಹಾಲಿವುಡ್‌ನ ‘ಪ್ರೊಡಕ್ಷನ್ ಕೋಡ್’ ಎಂಬ ಸೆನ್ಸಾರ್ ನಿಯಮಾವಳಿ ಬಿಗಿಯಾಯಿತು. ಹಾಸಿಗೆ, ಮುತ್ತು ಎಲ್ಲದಕ್ಕೂ ಲೆಕ್ಕ. ತೋರಿಸಲಾಗದ ಆಸೆಯನ್ನೆಲ್ಲ ಬರಹಗಾರರು ಮಾತಿಗೆ ತುಂಬಿದರು. 1937ರ ‘ದಿ ಆಫುಲ್ ಟ್ರೂತ್’ ಕೊನೆಯಲ್ಲಿ ವಿಚ್ಛೇದನ ಜಾರಿಯಾಗಲು ಸ್ವಲ್ಪವೇ ಹೊತ್ತು ಉಳಿದಿದೆ. ಗಂಡ ಒಂದು ಕೋಣೆಯಲ್ಲಿ, ಹೆಂಡತಿ ಪಕ್ಕದ ಕೋಣೆಯಲ್ಲಿ. ನಡುವಿನ ಬಾಗಿಲು ಗಾಳಿಗೆ ತಾನಾಗಿ ತೆರೆಯುತ್ತಲೇ ಇರುತ್ತದೆ. ಅಷ್ಟರಲ್ಲೇ ಇಬ್ಬರ ಮನಸ್ಸೂ ತಿಳಿದುಹೋಗುತ್ತದೆ. ಆ ವರ್ಷ ನಿರ್ದೇಶನದ ಆಸ್ಕರ್ ಲಿಯೋ ಮೆಕೇರಿಗೆ ಹೋದದ್ದು ನ್ಯಾಯವಾಗಿತ್ತು.

ಇನ್ನೊಂದು ವಿಷಯ ಗಮನಿಸಿ. ನಮ್ಮಲ್ಲಿ ತಾಳಿ ಕಟ್ಟಿದರೆ ‘ಶುಭಂ’. ಈ ಚಿತ್ರಗಳಲ್ಲಿ ಎಷ್ಟೋ ಸಲ ಕಥೆ ಶುರುವಾಗುವುದೇ ಮದುವೆ ಮುರಿದ ಮೇಲೆ. ಒಮ್ಮೆ ಬೇಡವೆಂದು ಬಿಟ್ಟವರು ಮತ್ತೆ ಒಬ್ಬರನ್ನೊಬ್ಬರು ಆರಿಸಿಕೊಳ್ಳಬೇಕು, ಈ ಸಲ ಕಣ್ಣು ತೆರೆದು. ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಸ್ಟ್ಯಾನ್ಲಿ ಕ್ಯಾವೆಲ್ 1981ರಲ್ಲಿ ಇಂಥ ಏಳು ಚಿತ್ರಗಳ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಮದುವೆ ಅನ್ನುವುದು ಮುಗಿಯದ ಮಾತುಕತೆ ಎಂದು ಈ ನಗುವಿನ ಚಿತ್ರಗಳಷ್ಟು ಚೆನ್ನಾಗಿ ಹೇಳಿದ ಗಂಭೀರ ಚಿತ್ರಗಳು ನನಗೆ ಹೆಚ್ಚು ಸಿಕ್ಕಿಲ್ಲ.

ಕಪ್ಪು ಬಿಳುಪು, ಹಳೇ ಕಾಲ, ದೂರದ ದೇಶ, ನಮಗ್ಯಾಕೆ ಅನ್ನುವವರಿದ್ದಾರೆ. ಅವರು ಈ ಕಥೆಯನ್ನು ಆಗಲೇ ನೋಡಿ ಖುಷಿಪಟ್ಟಿರಬಹುದು. ಫ್ರಾಂಕ್ ಕಾಪ್ರಾ ಅವರ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ನಲ್ಲಿ ಶ್ರೀಮಂತರ ಮಗಳು ಮನೆಬಿಟ್ಟು ಓಡುತ್ತಾಳೆ, ಬಸ್ಸಿನಲ್ಲಿ ಒಬ್ಬ ಪತ್ರಕರ್ತ ಜೊತೆಯಾಗುತ್ತಾನೆ. ಇದೇ ಕಥೆ ಹಿಂದಿಯಲ್ಲಿ 1956ರಲ್ಲಿ ‘ಚೋರಿ ಚೋರಿ’ ಆಯಿತು, 1991ರಲ್ಲಿ ‘ದಿಲ್ ಹೈ ಕೆ ಮಾನ್ತಾ ನಹೀಂ’ ಆಯಿತು. 2007ರಲ್ಲಿ ಗಣೇಶ್ ನಟಿಸಿದ ‘ಹುಡುಗಾಟ’ವಾಗಿ ಕನ್ನಡಕ್ಕೂ ಬಂತು. ಸತ್ತ ಕಥೆಯನ್ನು ಯಾರೂ ಇಷ್ಟು ಸಲ ಮನೆಗೆ ಕರೆಯುವುದಿಲ್ಲ.

ಮೂಲವನ್ನೂ ನೋಡಿ. ರಸ್ತೆ ಬದಿಯಲ್ಲಿ ನಿಂತು ಕಾರು ನಿಲ್ಲಿಸುವುದು ಹೇಗೆಂದು ಕ್ಲಾರ್ಕ್ ಗೇಬಲ್ ಅವಳಿಗೆ ಪಾಠ ಹೇಳುತ್ತಾನೆ. ಹೆಬ್ಬೆರಳನ್ನು ಹೀಗೆ ಹಿಡಿ, ಹಾಗೆ ಹಿಡಿ. ಒಂದು ಕಾರೂ ನಿಲ್ಲುವುದಿಲ್ಲ. ಕ್ಲಾಡೆಟ್ ಕೋಲ್ಬರ್ಟ್ ಎದ್ದು ಬಂದು ಲಂಗವನ್ನು ಚೂರು ಮೇಲಕ್ಕೆತ್ತುತ್ತಾಳೆ, ಕಾರು ಗಕ್ಕನೆ ನಿಲ್ಲುತ್ತದೆ. ರಾತ್ರಿ ತಂಗುವ ಕೋಣೆಯಲ್ಲಿ ಇಬ್ಬರ ನಡುವೆ ಹಗ್ಗ ಕಟ್ಟಿ ಒಂದು ಕಂಬಳಿ ತೂಗುಹಾಕುತ್ತಾರೆ. ಅದೇ ಗೋಡೆ. ಆ ಕಂಬಳಿಯ ಎರಡೂ ಬದಿಯಲ್ಲಿ ನಿದ್ದೆ ಬಾರದೆ ಮಲಗಿದ ಇಬ್ಬರ ಮಾತು ಕೇಳಿ. ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಎಂಬ ಐದು ದೊಡ್ಡ ಆಸ್ಕರ್‌ಗಳನ್ನೂ ಒಟ್ಟಿಗೆ ಗೆದ್ದ ಮೊದಲ ಚಿತ್ರ ಇದು.

1938ರ ‘ಬ್ರಿಂಗಿಂಗ್ ಅಪ್ ಬೇಬಿ’ ಬಂದಾಗ ಸೋತಿತು. ಅದೇ ವರ್ಷ ಚಿತ್ರಮಂದಿರದ ಮಾಲೀಕರ ಒಂದು ಸಂಘ ಕ್ಯಾಥರೀನ್ ಹೆಪ್ಬರ್ನ್ ಅವರನ್ನು ಗಲ್ಲಾಪೆಟ್ಟಿಗೆಗೆ ವಿಷ ಎಂದು ಕರೆಯಿತು. ಆ ಚಿತ್ರದಲ್ಲಿ ಅವಳು ಒಬ್ಬ ಪಳೆಯುಳಿಕೆ ವಿಜ್ಞಾನಿಯ ಬದುಕಿಗೆ ಚಿರತೆ ಸಮೇತ ನುಗ್ಗುತ್ತಾಳೆ. ಅವನ ಮದುವೆ, ಅವನ ಮಾನ, ವರ್ಷಗಟ್ಟಲೆ ಜೋಡಿಸಿದ ಡೈನೋಸಾರ್ ಅಸ್ಥಿಪಂಜರ ಎಲ್ಲ ಹಾಳಾಗುತ್ತವೆ. ಕೊನೆಗೆ ಅವನು ಒಪ್ಪಿಕೊಳ್ಳುತ್ತಾನೆ, ಬದುಕಿನಲ್ಲಿ ಅಷ್ಟು ಖುಷಿಯ ದಿನ ಇನ್ನೊಂದಿರಲಿಲ್ಲ ಎಂದು. ಅಂದಿನ ಜನಕ್ಕೆ ಹಿಡಿಸದ ಈ ಚಿತ್ರವನ್ನು 1990ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿತು. ಅವಳ ಓಟಕ್ಕೆ ಪ್ರೇಕ್ಷಕರು ಹೊಂದಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಇವು ಬರೀ ಶ್ರೀಮಂತರ ಚೇಷ್ಟೆ ಎಂಬ ದೂರು ಪಕ್ಕದ ಬರಹದಲ್ಲಿ ಬಂದೇ ಬರುತ್ತದೆ. 1936ರ ‘ಮೈ ಮ್ಯಾನ್ ಗಾಡ್‌ಫ್ರೆ’ ನೋಡಿ. ಒಂದು ಪಾರ್ಟಿ ಆಟಕ್ಕಾಗಿ ನ್ಯೂಯಾರ್ಕ್‌ನ ಶ್ರೀಮಂತರು ಕಸದ ಗುಡ್ಡೆಯ ಬಳಿ ಬದುಕುವ ಕೆಲಸವಿಲ್ಲದ ಮನುಷ್ಯನನ್ನು ಹುಡುಕಿ ತರುತ್ತಾರೆ, ಒಂದು ವಸ್ತುವಿನ ಹಾಗೆ. ಅವನು ಅಲ್ಲೇ ನಿಂತು ಅವರ ಮುಖಕ್ಕೆ ಹೊಡೆದಂತೆ ನಾಲ್ಕು ಮಾತು ಹೇಳುತ್ತಾನೆ. ಇಲ್ಲೂ ಗೆಲ್ಲುವುದು ಮಾತು. ಅದನ್ನು ಕೇಳಿಯೂ ಚೇಷ್ಟೆ ಅನ್ನುವವರು ಕಿವಿ ಮುಚ್ಚಿಕೊಂಡು ಸಿನಿಮಾ ನೋಡುತ್ತಾರೆ.

ವಿರೋಧ: ಎಲ್ಲರೂ ಸೇರಿ ನಗುವ ನಗು ಅಲ್ಲ

ವಿರೋಧದ ಕಡೆಗೆ ಬರೆಯಿರಿ ಎಂದು ಕೇಳಿದರು, ಒಪ್ಪಿದೆ. ಈ ಚಿತ್ರಗಳಲ್ಲಿ ಕೆಲವು ನನಗೂ ಇಷ್ಟ. ಮಾತು ಚೆನ್ನಾಗಿದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಎಲ್ಲ ಕಾಲಕ್ಕೂ ಎಲ್ಲರಿಗೂ ಸಲ್ಲುತ್ತವೆ ಎಂಬ ಮಾತನ್ನು ಒಪ್ಪುವುದು ನನಗೆ ಕಷ್ಟ.

ಮೊದಲನೆಯದು ಭಾಷೆ. ಆ ವೇಗದ ಅಮೆರಿಕನ್ ಇಂಗ್ಲಿಷ್ ನಮ್ಮಲ್ಲಿ ಎಷ್ಟು ಜನರ ಕಿವಿಗೆ ಸಿಗುತ್ತದೆ? ಸಬ್‌ಟೈಟಲ್ ಓದುತ್ತಾ ಕೂತರೆ ನಟರ ಮುಖ ಕಾಣುವುದಿಲ್ಲ. ಮುಖ ನೋಡಿದರೆ ಮಾತು ಹೋಯಿತು. ಒಬ್ಬರ ಮೇಲೊಬ್ಬರು ಮಾತಾಡುವಾಗ ಸಬ್‌ಟೈಟಲ್ ಯಾರದ್ದನ್ನು ಹಿಡಿಯಬೇಕು? ಚಾಪ್ಲಿನ್ ಚಿತ್ರಕ್ಕೆ ಈ ತೊಂದರೆ ಇಲ್ಲ.

ಎರಡನೆಯದು ನಾನು ಕಣ್ಣಾರೆ ಕಂಡದ್ದು. ನಮ್ಮ ಮನೆಯ ಮಹಡಿ ಮೇಲೆ ಭಾನುವಾರ ಸಂಜೆ ಅಕ್ಕಪಕ್ಕದವರನ್ನು ಸೇರಿಸಿ ಸಿನಿಮಾ ಹಾಕುತ್ತೇನೆ. ಒಮ್ಮೆ ಪ್ರೆಸ್ಟನ್ ಸ್ಟರ್ಜಸ್ ಅವರ 1942ರ ‘ದಿ ಪಾಮ್ ಬೀಚ್ ಸ್ಟೋರಿ’ ಹಾಕಿದ್ದೆ. ಗಂಡನನ್ನು ಬಿಟ್ಟು ಹೊರಟ ನಾಯಕಿ ರೈಲು ಹತ್ತುತ್ತಾಳೆ. ಅದೇ ರೈಲಿನಲ್ಲಿ ಬೇಟೆಗೆ ಹೊರಟ ಕೋಟ್ಯಧಿಪತಿಗಳ ಗುಂಪು, ಎಲ್ಲರೂ ಕುಡಿದಿದ್ದಾರೆ. ಮದ್ಯ ಕೊಡುವ ಕರಿಯ ನೌಕರನ ಕೈಯಲ್ಲಿ ಬಿಸ್ಕತ್ತು ಮೇಲಕ್ಕೆ ಎಸೆಸುತ್ತಾರೆ, ಗುರಿ ಹಿಡಿಯುವ ಆಟಕ್ಕೆ. ಆಮೇಲೆ ನಿಜವಾದ ಗುಂಡುಗಳೇ ಹಾರುತ್ತವೆ. ಕಿಟಕಿ ಗಾಜು ಪುಡಿಪುಡಿ. ಅವನು ಕೌಂಟರಿನ ಹಿಂದೆ ಅವಿತುಕೊಳ್ಳುತ್ತಾನೆ.

ಮಹಡಿಯಲ್ಲಿ ನಗು ಎದ್ದಿತು. ನಾನೂ ನಕ್ಕೆ. ಆದರೆ ನಮ್ಮ ಬೀದಿಯ ಹಿರಿಯರೊಬ್ಬರು ನಗಲಿಲ್ಲ. ಅವರು ರೈಲಿನ ಪ್ಯಾಂಟ್ರಿ ಕಾರಿನಲ್ಲಿ ದುಡಿದವರು. ಚಿತ್ರ ಮುಗಿದು ಕಾಫಿ ಕುಡಿಯುವಾಗ ತಾವಾಗಿ ಮಾತು ತೆಗೆದರು. ‘ಕುಡಿದ ದೊಡ್ಡ ಜನರ ಮುಂದೆ ಟ್ರೇ ಹಿಡ್ಕೊಂಡು ನಿಂತವರಿಗೆ ಅದು ನಗು ಬರಲ್ಲ ಸಾರ್’ ಎಂದರು. ಒಂದು ರಾತ್ರಿ ಫಸ್ಟ್ ಕ್ಲಾಸ್ ಬೋಗಿಯಲ್ಲಿ ಊಟ ಆರಿದೆ ಎಂದು ಯಾರೋ ತಟ್ಟೆಯನ್ನೇ ಅವರ ಮೇಲೆ ಬೀಸಿದ್ದರಂತೆ. ಜೊತೆಯಲ್ಲಿದ್ದವರು ನಕ್ಕರಂತೆ. ಮೈಮೇಲಿನ ಸಾರು ಒರೆಸಿಕೊಂಡು ಇವರು ಇನ್ನೊಂದು ತಟ್ಟೆ ತರಬೇಕಾಯಿತಂತೆ, ಕೆಲಸ ಉಳಿಯಬೇಕಲ್ವಾ. ಮನೆಗೆ ಬಂದಾಗ ಹೆಂಡತಿಗೂ ಹೇಳಲಿಲ್ಲವಂತೆ. ಅವರು ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದರು. ಮುಂದಿನ ಭಾನುವಾರವೂ ಬಂದರು. ಆ ಚಿತ್ರವನ್ನು ಮಾತ್ರ ನಾನು ಮತ್ತೆ ಹಾಕಿಲ್ಲ.

ಅಂದಿನಿಂದ ಈ ಚಿತ್ರಗಳಲ್ಲಿ ಟ್ರೇ ಹಿಡಿದವರ ಮೇಲೆ, ಸೂಟ್‌ಕೇಸ್ ಹೊರುವವರ ಮೇಲೆ, ಬಾಗಿಲು ತೆರೆಯುವವರ ಮೇಲೆ ನನ್ನ ಕಣ್ಣು ಹೋಗುತ್ತದೆ. ಕರಿಯರಿಗೆ ಸಿಗುವುದು ಜಾಸ್ತಿ ಇವೇ ಪಾತ್ರಗಳು. ಮಾತಿನ ಆಟದಲ್ಲಿ ಅವರಿಗೆ ಪಾಲು ಇಲ್ಲ.

ಇನ್ನು ಹೆಣ್ಣಿನ ಮಾತಿನ ಬಲ. 1940ರ ‘ದಿ ಫಿಲಡೆಲ್ಫಿಯಾ ಸ್ಟೋರಿ’ ಶುರುವಾಗುವುದೇ ಗಂಡ ಹೆಂಡತಿಯ ಮುಖಕ್ಕೆ ಕೈ ಇಟ್ಟು ನೆಲಕ್ಕೆ ತಳ್ಳುವುದರಿಂದ. ನಗಬೇಕಾದ ಜಾಗ ಅದು. ಮುಂದೆ ಅವಳ ಅಪ್ಪ ತನ್ನ ಪರಸ್ತ್ರೀ ವ್ಯವಹಾರಕ್ಕೆ ಮಗಳನ್ನೇ ಹೊಣೆ ಮಾಡುತ್ತಾರೆ. ಮಗಳಿಗೆ ಅಕ್ಕರೆ ಇದ್ದಿದ್ದರೆ ತಾನು ಹಾಗೆ ಅಲೆಯುತ್ತಿರಲಿಲ್ಲ ಎಂಬ ಧಾಟಿ. ಕೊನೆಗೆ ಬದಲಾಗಬೇಕಾದವಳು ಅವಳೇ.

‘ಮೈ ಮ್ಯಾನ್ ಗಾಡ್‌ಫ್ರೆ’ಯನ್ನು ಪರ ಬರೆಯುವವರೆಲ್ಲ ಮುಂದಿಡುತ್ತಾರೆ. ನನಗೂ ಮೆಚ್ಚಿಗೆಯ ಚಿತ್ರ. 1933ರಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಅಂಥವರ ಕಷ್ಟವನ್ನು ಈ ಚಿತ್ರ ತೆರೆಗೆ ತಂದಿತು, ನಿಜ. ಆದರೆ ಗಾಡ್‌ಫ್ರೆ ಆಮೇಲೆ ಬಾಸ್ಟನ್ನಿನ ಶ್ರೀಮಂತ ಮನೆತನದ ಮಗ ಎಂದು ಗೊತ್ತಾಗುತ್ತದೆ. ಅವನು ಷೇರು ಪೇಟೆಯಲ್ಲಿ ದುಡ್ಡು ಮಾಡಿ, ಆ ಕಸದ ಗುಡ್ಡೆಯ ಜಾಗದಲ್ಲಿ ಒಂದು ನೈಟ್‌ಕ್ಲಬ್ ಕಟ್ಟಿಸುತ್ತಾನೆ. ಅಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಅದರಲ್ಲೇ ಕೆಲಸ ಕೊಡುತ್ತಾನೆ. ಹಳೆಯ ಶ್ರೀಮಂತರು ಕುಡಿಯಲು ಅಲ್ಲಿಗೇ ಬರುತ್ತಾರೆ.