ಚಕ್ರಕ್ಕೊಂದು ಡೈನಮೋ ಕಟ್ಟಿಬಿಡಿ!

ಹಳೆಯ ಸ್ಯಾನ್ ಸ್ಟಾರ್ಮ್ ಕಾರಿನ ಎಂಜಿನ್ ಇಳಿಸಿ ಬ್ಯಾಟರಿಯಿಂದ ಓಡುವ ಮೋಟಾರ್ ಕೂರಿಸುವುದನ್ನು ಹೇಗಾದರೂ ಮಾಡಬಹುದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮನೆಯ ಮುಂದೆಯೇ ಮಾಡುತ್ತೇನೆಂದರೆ ಮುಗಿಯಿತು. ಷೆಡ್ಡಿನ ಬಾಗಿಲು ತೆರೆದರೆ ಸಾಕು, ಮಿರ್ಚಿ ಪೊಟ್ಟಣ ಹಿಡಿದು ಯಾರಾದರೂ ಹಾಜರು. "ಅಣ್ಣಾ, ಚಕ್ರಕ್ಕೊಂದು ಡೈನಮೋ ಕಟ್ಟಿಬಿಡಿ, ಓಡುತ್ತಾ ಓಡುತ್ತಾ ತಾನೇ ಚಾರ್ಜ್ ಆಗುತ್ತದೆ!"

ಸ್ವಾಮಿ, ಆ ಡೈನಮೋ ತಿರುಗಿಸುವವರು ಯಾರು? ಅದೇ ಮೋಟಾರ್. ಮೋಟಾರಿಗೆ ಕರೆಂಟ್ ಎಲ್ಲಿಂದ? ಅದೇ ಬ್ಯಾಟರಿಯಿಂದ. ಕೊಟ್ಟದ್ದರಲ್ಲಿ ಒಂದಿಷ್ಟು ಬಿಸಿಯಾಗಿ ಹೋಗಿ, ಮಿಕ್ಕದ್ದಷ್ಟೇ ವಾಪಸ್ಸು ಬರುತ್ತದೆ. ಅಂದರೆ ನಷ್ಟವೇ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಸ್ವಲ್ಪವನ್ನು ಮೋಟಾರೇ ಹಿಂದಿರುಗಿಸಬಲ್ಲದು, ಅದು ಬೇರೆ ಮಾತು. ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೆ ಬರುವ ಉತ್ತರ: "ಹಾಗಾದರೆ ಮುಂದೆ ಒಂದು ಫ್ಯಾನ್ ಇಡಿ, ಗಾಳಿ ಪುಕ್ಕಟೆ ತಾನೆ?"

ಕೇಳಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಾನ್ಯತೆ ಪಡೆದ ಪರಿವರ್ತನೆಯ ಕಿಟ್ ಇಲ್ಲದೆ, ಆರ್‌ಸಿಯಲ್ಲಿ ಬದಲಾವಣೆ ನಮೂದಾಗದೆ ಈ ಕಾರು ರಸ್ತೆಗಿಳಿಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಅದಕ್ಕೆ. ನನ್ನ ಅರ್ಧ ತಲೆನೋವು ಅದೇ.

ಇನ್ನರ್ಧ, ಬೆರಳುಗಳು. 3.2 ವೋಲ್ಟಿನ 30 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 96 ವೋಲ್ಟ್. ಸ್ಪ್ಯಾನರ್ ಜಾರಿ ಎರಡು ತುದಿಗೆ ತಾಗೀತೆಂದು ಅದರ ಹಿಡಿಗೆಲ್ಲ ಟೇಪ್ ಸುತ್ತಿಕೊಂಡು, ಉಸಿರು ಬಿಗಿಹಿಡಿದು ನಟ್ಟು ಬಿಗಿಯುತ್ತಿರುತ್ತೇನೆ. ಆಗಲೇ ಎಣ್ಣೆ ಮೆತ್ತಿದ ತೋರುಬೆರಳೊಂದು ಸೆಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಯ ಮೇಲೆಯೇ ಬರಬೇಕು: "ಇದೇನಿದು?" ಕೈ ತೆಗೆಯಿರಿ ಎಂದು ಗದರಿದರೆ ಮುನಿಸು ಬೇರೆ.