ಮೆಗಾಹಿಟ್ ಹಾಕಿ ಆಡಿದವರ ಹಳೇ ಪ್ರಿನ್ಸ್

ಪ್ರಿನ್ಸ್ ಆಫ್ ಪರ್ಷಿಯಾ ಅಂದರೆ ಸಾಕು, ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಮುಟ್ಟಿದವರೆಲ್ಲ "ಆಟ ಅಂದ್ರೆ ಅದು ಕಣ್ರೀ" ಅಂತ ಶುರು ಮಾಡುತ್ತಾರೆ. ಒಪ್ಪೋಣ. ಆದರೆ 3ನೇ ಲೆವೆಲಿನ ಅಸ್ಥಿಪಂಜರವನ್ನು ಹೇಗೆ ಕೊಂದಿರಿ ಅಂತ ಮೆಲ್ಲಗೆ ಕೇಳಿ ನೋಡಿ. "ಕತ್ತಿಯಿಂದ" ಅಂದರೆ ಅವರು ಆ ಲೆವೆಲ್ ಆಡಿಯೇ ಇಲ್ಲ. ಅದು ಕತ್ತಿಗೆ ಸಾಯುವುದಿಲ್ಲ. ಹೊಡೆಯುತ್ತ ಹೊಡೆಯುತ್ತ ಹಿಂದಕ್ಕೆ ತಳ್ಳಿಕೊಂಡು ಹೋಗಿ ಅಂಚಿನಿಂದ ಕೆಳಗೆ ಬೀಳಿಸಬೇಕು, ಅಷ್ಟೇ ದಾರಿ.

ನಮ್ಮ ಕಡೆ ಈ ಆಟ ಬಂದದ್ದು ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಲಿಸುತ್ತಿದ್ದ ಕಂಪ್ಯೂಟರ್ ಕ್ಲಾಸುಗಳ ಮೂಲಕ, ಫ್ಲಾಪಿಯಿಂದ ಫ್ಲಾಪಿಗೆ. ಪುಸ್ತಕ ಇಲ್ಲ, ಡಬ್ಬಿ ಇಲ್ಲ. ಅದರ ಜೊತೆಗೇ ಬಾಯಿಂದ ಬಾಯಿಗೆ ಬಂದದ್ದು ಒಂದು ಮಂತ್ರ: ಆಟ ಶುರು ಮಾಡುವಾಗ ಪ್ರಿನ್ಸ್ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಮೆಗಾಹಿಟ್. ಆಮೇಲೆ ಶಿಫ್ಟ್ ಮತ್ತು ಎಲ್ ಒತ್ತಿದರೆ ಮುಂದಿನ ಲೆವೆಲ್, ಶಿಫ್ಟ್ ಮತ್ತು ಟಿ ಒತ್ತಿದರೆ ಒಂದು ಲೈಫ್ ಹೆಚ್ಚು, ಕೆ ಒತ್ತಿದರೆ ಎದುರಿನ ಗಾರ್ಡ್ ಖಲಾಸ್. ನಂತರದ ಆವೃತ್ತಿಗಳಲ್ಲಿ ಮಂತ್ರವೇ ಬೇರೆ, ಮೆಗಾಹಿಟ್ ಬದಲು ಇಂಪ್ರೂವ್ಡ್. "ನಮ್ಮ ಫ್ಲಾಪೀಲಿ ಮೆಗಾಹಿಟ್ ನಡೀತಿರಲಿಲ್ಲ" ಅನ್ನುವವರ ಗೋಳಿಗೆ ಕಾರಣ ಇದು. ಮಂತ್ರ ಇಲ್ಲದೆಯೂ 4ನೇ ಲೆವೆಲಿನ ತನಕ ಶಿಫ್ಟ್-ಎಲ್ ಕೆಲಸ ಮಾಡುತ್ತಿತ್ತು. ಆದರೆ ಹಾಗೆ ಹಾರಿದರೆ ಗಡಿಯಾರ ಸೀದಾ 15 ನಿಮಿಷಕ್ಕೆ ಇಳಿಯುತ್ತಿತ್ತು.

ಆ 15 ನಿಮಿಷದ ಶಿಕ್ಷೆಯಲ್ಲೇ ಇಡೀ ಆಟದ ಗುಟ್ಟಿದೆ. ಈ ಸರಣಿಯ ಅಭಿಮಾನಿಗಳು ಹಂಬಲಿಸುವುದು ಚಿತ್ರಕ್ಕಲ್ಲ, ಕತೆಗಂತೂ ಅಲ್ಲವೇ ಅಲ್ಲ. ಕತೆ ಏನಿದೆ? ಸುಲ್ತಾನ ಊರಲ್ಲಿಲ್ಲ, ವಜೀರ ಜಾಫರ್ ರಾಜಕುಮಾರಿಗೆ ಒಂದು ಗಂಟೆ ಗಡುವು ಕೊಟ್ಟಿದ್ದಾನೆ, ಮುಗಿಯಿತು. ಹಂಬಲ ಇರುವುದು ಮಾಡಿದ ತಪ್ಪಿಗೆ ಬೆಲೆ ತೆರಬೇಕಾಗಿದ್ದ ಆ ಲೆಕ್ಕಕ್ಕೆ. 12 ಲೆವೆಲ್, 60 ನಿಮಿಷ. ಎಷ್ಟು ಸಲ ಬೇಕಾದರೂ ಸಾಯಿ, ಲೆವೆಲಿನ ಮೊದಲಿನಿಂದ ಮತ್ತೆ ಬದುಕು, ಆದರೆ ಹೋದ ನಿಮಿಷ ವಾಪಸ್ ಬರುವುದಿಲ್ಲ. ಸ್ಪೇಸ್ ಬಾರ್ ಒತ್ತಿದರೆ ಉಳಿದ ಸಮಯ ಕೆಳಗೆ ಕಾಣುತ್ತದೆ. 3ನೇ ಲೆವೆಲ್ ಮುಟ್ಟುವ ತನಕ ಸೇವ್ ಮಾಡಲು ಬಿಡುವುದಿಲ್ಲ. ಆಮೇಲೆ ಕಂಟ್ರೋಲ್-ಜಿ ಒತ್ತಿ ಸೇವ್ ಮಾಡಿದರೂ ಉಳಿಯುವುದು ಲೆವೆಲಿನ ಆರಂಭ ಮಾತ್ರ, ಉಳಿದ ನಿಮಿಷದ ಲೆಕ್ಕದ ಸಮೇತ.

ಎರಡನೇ ಬೆಲೆ ಮೈಭಾರ. ಈ ಆಟ ಕಟ್ಟಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ ಓಡಿಸಿ, ಹಾರಿಸಿ ವಿಡಿಯೊ ತೆಗೆದ. ಟಿವಿ ಪರದೆಯ ಮೇಲೆ ಅದನ್ನು ಒಂದೊಂದೇ ಫ್ರೇಮಾಗಿ ನಿಲ್ಲಿಸಿ ಕ್ಯಾಮರಾದಲ್ಲಿ ಫೋಟೊ ಹಿಡಿದ. ಆ ಫೋಟೊಗಳ ಮೇಲೆ ಕಪ್ಪು ಮಾರ್ಕರ್, ಬಿಳಿ ಕರೆಕ್ಷನ್ ಫ್ಲೂಯಿಡ್ ಹಚ್ಚಿ ಆಕೃತಿ ಬಿಡಿಸಿ ಕಂಪ್ಯೂಟರಿಗೆ ಹಾಕಿದ. ಕತ್ತಿವರಸೆ ಬಂದದ್ದು 1938ರ ರಾಬಿನ್ ಹುಡ್ ಸಿನಿಮಾದ ಕಾಳಗದಿಂದ. 1989ರಲ್ಲಿ ಬ್ರೋಡರ್‌ಬಂಡ್ ಕಂಪನಿ ಇದನ್ನು ಆಪಲ್ 2 ಕಂಪ್ಯೂಟರಿಗೆ ಹೊರತಂದಿತು, ಮರುವರ್ಷ ಡಾಸ್ ಪಿಸಿಗೆ. ಹೀಗೆ ನಿಜವಾದ ಮನುಷ್ಯನ ಓಟದಿಂದ ಎತ್ತಿದ ಚಲನೆಯಾದ್ದರಿಂದ ಪ್ರಿನ್ಸ್ ತಕ್ಷಣ ನಿಲ್ಲುವುದಿಲ್ಲ, ಎರಡು ಹೆಜ್ಜೆ ಜಾರುತ್ತಾನೆ. ಹಾರುವ ಕೀಲಿ ಒತ್ತಿದರೂ ಎತ್ತಿದ ಕಾಲು ನೆಲಕ್ಕೆ ಬಂದ ಮೇಲೇ ಹಾರುತ್ತಾನೆ. ಡಾಸ್ ಆವೃತ್ತಿ ಸೆಕೆಂಡಿಗೆ ಬರೀ 12 ಫ್ರೇಮ್ ಓಡುತ್ತದೆ, ಕತ್ತಿ ಹಿರಿದಾಗ 10. "ಕೀಬೋರ್ಡ್ ಸ್ಲೋ" ಅಂತ ಬೈದವರು ಕೀಬೋರ್ಡಿಗೆ ಅನ್ಯಾಯ ಮಾಡಿದ್ದಾರೆ.

ಮಾರಿಯೋ ಆಡಿದ ಕೈ ಇಲ್ಲಿ ಬಂದರೆ ಎಡವುವುದು ಖಂಡಿತ. ಇಲ್ಲಿ ಹಾರುವ ಮೊದಲು ಅಳೆಯಬೇಕು. ಪ್ರತಿ ಪರದೆಯೂ ಅಡ್ಡಕ್ಕೆ 10 ಚಪ್ಪಡಿ, ಉದ್ದಕ್ಕೆ 3 ಅಂತಸ್ತು. ಶಿಫ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಒಂದೇ ಎಚ್ಚರದ ಹೆಜ್ಜೆ. ಅಂಚಿಗೆ ಬಂದಾಗ ಪ್ರಿನ್ಸ್ ಒಮ್ಮೆ ಕಾಲು ಚಾಚಿ ಮುಟ್ಟಿ ನೋಡಿ ಹಿಂದೆ ಎಳೆದುಕೊಳ್ಳುತ್ತಾನೆ. ಅದು ಎಚ್ಚರಿಕೆ. ಮತ್ತೊಮ್ಮೆ ಒತ್ತಿದಿರೋ, ಮಾತು ಕೇಳಿ ಕೆಳಗೆ ಇಳಿದೇ ಬಿಡುತ್ತಾನೆ. ಒಂದು ಅಂತಸ್ತು ಬಿದ್ದರೆ ಏನೂ ಆಗದು, ಎರಡು ಬಿದ್ದರೆ ಒಂದು ಲೈಫ್ ಹೋಗುತ್ತದೆ, ಮೂರು ಬಿದ್ದರೆ ಕತೆ ಮುಗಿಯಿತು. ಬೀಳುವಾಗ ಶಿಫ್ಟ್ ಹಿಡಿದಿದ್ದರೆ ಕೈಗೆ ಸಿಕ್ಕ ಅಂಚನ್ನು ಹಿಡಿದು ನೇತಾಡುತ್ತಾನೆ. ನೆಲದಿಂದ ಏಳುವ ಮುಳ್ಳುಗಳ ನಡುವೆ ಎಚ್ಚರದ ಹೆಜ್ಜೆ ಇಟ್ಟರೆ ಕೂದಲೂ ಕೊಂಕುವುದಿಲ್ಲ, ಓಡಿದರೆ ಅಥವಾ ಮೇಲಿಂದ ಹಾರಿದರೆ ಅಲ್ಲೇ ಸಾವು. ಯಾವ ಚಪ್ಪಡಿ ಸಡಿಲ ಅಂತ ತಿಳಿಯಬೇಕೇ? ನಿಂತಲ್ಲೇ ಮೇಲಕ್ಕೆ ಹಾರಿ. ಅದೇ ಸಾಲಿನ ಸಡಿಲ ಚಪ್ಪಡಿಗಳೆಲ್ಲ ಅಲುಗಾಡುತ್ತವೆ.

ಹೊಸಬರು ಮೊದಲು ಸಾಯುವುದು 1ನೇ ಲೆವೆಲಿನ ಗಾರ್ಡ್ ಕೈಲಿ, ಅದೂ ಒಂದೇ ಏಟಿಗೆ. ಲೈಫ್ 3 ಇದ್ದೂ ಹೀಗ್ಯಾಕೆ ಅಂದರೆ ಕೈಲಿ ಕತ್ತಿ ಇಲ್ಲ. ಮೊದಲು ಎಡಕ್ಕೆ, ಕೆಳಗೆ ಹೋಗಿ ಕತ್ತಿ ಎತ್ತಿಕೊಂಡು ಬರಬೇಕು. ಕಾಳಗದಲ್ಲಿ ಶಿಫ್ಟ್ ಅಂದರೆ ಹೊಡೆತ, ಮೇಲಿನ ಬಾಣ ಅಂದರೆ ತಡೆ. ಮೇಲೆ ಬಿದ್ದು ಹೊಡೆಯುವವರು ಸೋಲುತ್ತಾರೆ. ಅವನ ಏಟು ತಡೆದ ಕ್ಷಣವೇ ಶಿಫ್ಟ್ ಒತ್ತುವವರು ಗೆಲ್ಲುತ್ತಾರೆ. ಅವನ ಬೆನ್ನಿಗೆ ಹಳ್ಳ ಇದ್ದರೆ ಇನ್ನೂ ಸಲೀಸು, ತಳ್ಳಿಕೊಂಡು ಹೋದರೆ ಸಾಕು.

ಇನ್ನು ನೆರಳು ಮನುಷ್ಯನ ವಿಷಯ. ನನ್ನ ಪ್ರಕಾರ ಇಡೀ ಸರಣಿಯ ಅತಿ ಒಳ್ಳೆಯ ಐಡಿಯಾ ಇದೇ, ಹುಟ್ಟಿದ್ದು ಮಾತ್ರ ಬಡತನದಿಂದ. ಆಪಲ್ 2ರಲ್ಲಿ ಮೆಮೊರಿ ತುಂಬಿಹೋಗಿತ್ತು, ಎದುರಾಳಿಗೆ ಹೊಸ ಚಿತ್ರ ಹಾಕಲು ಜಾಗವಿಲ್ಲ. ಆಗ ಮೆಕ್ನರ್ ಪ್ರಿನ್ಸ್‌ನದೇ ಚಿತ್ರವನ್ನು ಒಂದು ಬಿಟ್ ಸರಿಸಿ ಅದರ ಮೇಲೇ ಎಕ್ಸಾರ್ ಮಾಡಿದ, ಅಂದರೆ ಎರಡೂ ಚಿತ್ರ ಒಂದೇ ಇರುವ ಚುಕ್ಕಿ ಅಳಿಸಿ ಬೇರೆ ಇರುವ ಚುಕ್ಕಿ ಮಾತ್ರ ಉಳಿಸಿದ. ಮಿನುಗುವ ಒಂದು ಆಕೃತಿ ಸಿಕ್ಕಿತು, ಪುಕ್ಕಟೆಯಾಗಿ. 4ನೇ ಲೆವೆಲಿನಲ್ಲಿ ಹೊರಬಾಗಿಲು ತೆರೆದ ಮೇಲೆ ದಾರಿಯಲ್ಲಿ ಒಂದು ಕನ್ನಡಿ ನಿಂತಿರುತ್ತದೆ. ಓಡುತ್ತ ಬಂದು ಹಾರಿದರೆ ಮಾತ್ರ ಅದನ್ನು ದಾಟಬಹುದು, ನಿಂತಲ್ಲಿಂದ ಹಾರಿದರೆ ಆಗದು. ದಾಟಿದಿರೋ, ನಿಮ್ಮಲ್ಲಿ ಉಳಿಯುವುದು ಒಂದೇ ಲೈಫ್, ಆ ಕಡೆಯಿಂದ ನಿಮ್ಮ ನೆರಳು ಓಡಿಹೋಗುತ್ತದೆ. 5ನೇ ಲೆವೆಲಿನಲ್ಲಿ ಅದೇ ನೆರಳು ನಿಮಗಿಂತ ಮೊದಲು ಬಂದು ಮದ್ದಿನ ಬಾಟ್ಲಿ ಕುಡಿದು ಹೋಗುತ್ತದೆ. 6ರ ಕೊನೆಯಲ್ಲಿ ಗೇಟಿನ ಬಟನ್ ತುಳಿದು ನಿಮ್ಮ ಮುಖದ ಮೇಲೇ ಮುಚ್ಚುತ್ತದೆ. ಅಲ್ಲಿ ಬೀಳುವುದೇ ದಾರಿ, ಬಿದ್ದರೆ 7ನೇ ಲೆವೆಲ್. 12ರಲ್ಲಿ ಕೊನೆಗೂ ಎದುರುಬದುರು ನಿಂತಾಗ ಹೊಡೆಯಬೇಡಿ, ಅದಕ್ಕೆ ಬಿದ್ದ ಪ್ರತಿ ಏಟೂ ನಿಮಗೇ. ಕೆಳಗಿನ ಬಾಣ ಒತ್ತಿ ಕತ್ತಿ ಒರೆಗೆ ಹಾಕಿ. ನೆರಳೂ ಹಾಕುತ್ತದೆ. ಅದರತ್ತ ಓಡಿ, ಇಬ್ಬರೂ ಒಂದಾಗುತ್ತಾರೆ. ಆಮೇಲೆ ಎಡಕ್ಕೆ, ನೆಲವೇ ಇಲ್ಲದ ಕಡೆ ಓಡುತ್ತ ಹೋದರೆ ಕಾಲಡಿಗೆ ಚಪ್ಪಡಿಗಳು ತಾವೇ ಮೂಡುತ್ತವೆ. ಇದನ್ನು ಹೇಳಿಕೊಡುವ ಒಂದು ಅಕ್ಷರವೂ ಪರದೆಯ ಮೇಲೆ ಬರುವುದಿಲ್ಲ. ಈಗಿನ ಆಟಗಳಲ್ಲಾದರೆ "ಕತ್ತಿ ಇಳಿಸಲು ಈ ಬಟನ್ ಒತ್ತಿ" ಅಂತ ಬಾಣದ ಗುರುತು ಮಿನುಗುತ್ತಿತ್ತು.

8ನೇ ಲೆವೆಲ್ ನೆನಪಿರಬೇಕಲ್ಲ? ಎಲ್ಲ ಗಾರ್ಡ್‌ಗಳೂ ಸತ್ತು, ಹೊರಬಾಗಿಲೂ ತೆರೆದು, ನೀವು ಮಾತ್ರ ಗೇಟಿನ ಹಿಂದೆ ಸಿಕ್ಕಿಬೀಳುತ್ತೀರಿ. ಹ್ಯಾಂಗ್ ಆಯ್ತು ಅಂತ ಕಂಟ್ರೋಲ್-ಎ ಒತ್ತಿ ಲೆವೆಲ್ ಮೊದಲಿನಿಂದ ಶುರು ಮಾಡಿದರೆ ಅಷ್ಟೂ ನಿಮಿಷ ನೀರಲ್ಲಿ ಹೋಮ. ಮಾಡಬೇಕಾದದ್ದು ಇಷ್ಟೇ: ಸುಮ್ಮನೆ ನಿಂತಿರಿ. ರಾಜಕುಮಾರಿ ಕಳಿಸಿದ ಇಲಿ ಬಂದು ಬಟನ್ ತುಳಿಯುತ್ತದೆ. ಗಡಿಯಾರದ ಜೊತೆ ಓಡುವ ಆಟದಲ್ಲಿ ಸುಮ್ಮನಿರು ಅನ್ನುವ ಒಂದು ಜಾಗ ಇಟ್ಟಿದ್ದಾನಲ್ಲ, ಮೆಕ್ನರ್‌ನ ತುಂಟತನ ಅದು.

ಮುಂದಿನ ಆಟಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. 1993ರ ಎರಡನೇ ಭಾಗ ಚಂದ ಇತ್ತು, ಗುಂಪುಗಟ್ಟಿ ಬರುವ ಗಾರ್ಡ್‌ಗಳಿಂದ ಕೆಟ್ಟಿತು. 1999ರ ತ್ರೀಡಿ ಆಟವನ್ನು ಮರೆಯುವುದೇ ಮೇಲು. 2003ರ ಸ್ಯಾಂಡ್ಸ್ ಆಫ್ ಟೈಮ್ ಬಂದಾಗ ಹಳಬರು ಮೂಗು ಮುರಿದರು: ಬಿದ್ದರೆ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದಂತೆ, ಇದೂ ಒಂದು ಪ್ರಿನ್ಸಾ? ಅವರ ಲೆಕ್ಕ ತಪ್ಪು. ಯೂಬಿಸಾಫ್ಟ್ ಮಾಂಟ್ರಿಯಲ್ ತಂಡ ಮಾಡಿದ ಈ ಆಟಕ್ಕೆ ಕತೆ ಬರೆದದ್ದು ಮೆಕ್ನರ್‌ನೇ. ಅಲ್ಲಿ ನಿಮಿಷದ ಜಾಗಕ್ಕೆ ಮರಳು ಬಂತು, ಪ್ರಿನ್ಸ್‌ನ ಮಾಯದ ಬಾಕುವಿನಲ್ಲಿ ತುಂಬಿದ ಮರಳು. ಒಂದು ಸಲ ಹಿಂದೆ ತಿರುಗಿಸಿದರೆ ಬಾಕುವಿನ ಒಂದು ಪಾಲು ಮರಳು ಖಾಲಿ. ಮತ್ತೆ ತುಂಬಿಕೊಳ್ಳಲು ಶತ್ರುವನ್ನು ಕೆಡವಿ, ಬಾಕು ಚುಚ್ಚಿ ಮರಳು ಹೀರಬೇಕು. ಬೆಲೆ ಇತ್ತು, ನಾಣ್ಯ ಬೇರೆಯಾಯಿತು. ಅಲೆ ಅಲೆಯಾಗಿ ಬರುವ ಅದೇ ಶತ್ರುಗಳ ಕಾಳಗ ಮಾತ್ರ ಆಗಲೂ ಬೇಜಾರು, ಈಗಲೂ ಬೇಜಾರು. ನೆನಪಿನ ಸಕ್ಕರೆ ಬೆರೆಸಿ ಅದನ್ನು ಹೊಗಳಬೇಕಿಲ್ಲ.

ಬೆಲೆ ನಿಜವಾಗಿ ಹೋದದ್ದು 2008ರಲ್ಲಿ ಬಂದ ಆಟದಲ್ಲಿ. ಆ ಆಟದ ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಬಿದ್ದಾಗಲೆಲ್ಲ ಪ್ರಿನ್ಸ್‌ನ ಜೊತೆಗಾತಿ ಎಲಿಕಾ ಕೈಚಾಚಿ ಎತ್ತಿ ಹಿಂದಿನ ಗಟ್ಟಿ ನೆಲದ ಮೇಲೆ ನಿಲ್ಲಿಸುತ್ತಾಳೆ, ಎಷ್ಟು ಸಲ ಬೇಕಾದರೂ. ಎಲ್ಲ ಆಟದಲ್ಲೂ ಚೆಕ್‌ಪಾಯಿಂಟ್ ಇರುತ್ತಲ್ಲ, ಇದೂ ಅದೇ ಅಲ್ಲವೇ ಅನ್ನುವವರಿದ್ದಾರೆ. ಹೌದು, ಅದೇ. ಆದರೆ ಖರ್ಚಾಗಲು ನಿಮ್ಮ ಜೇಬಿನಲ್ಲಿ ಏನೂ ಇಲ್ಲದಿದ್ದರೆ ಹಾರುವ ಮುನ್ನ ಅಳೆಯುವುದೇಕೆ? 2024ರ ದ ಲಾಸ್ಟ್ ಕ್ರೌನ್ ಇದನ್ನು ಅರ್ಥ ಮಾಡಿಕೊಂಡಿತ್ತು. ಅದರ ಮೆಮೊರಿ ಶಾರ್ಡ್ ಸೌಲಭ್ಯದಿಂದ ದಾಟಲಾಗದ ಜಾಗದ ಫೋಟೊ ತೆಗೆದು ನಕ್ಷೆಗೆ ಅಂಟಿಸಬಹುದು. ಆದರೆ ಅವು ಸಿಗುವುದು ಎಣಿಸಿದಷ್ಟೇ, ಬೇಕಾದಲ್ಲೆಲ್ಲ ಅಂಟಿಸುವಂತಿಲ್ಲ. ಪರ್ಷಿಯಾದ ಹೆಸರಿಟ್ಟುಕೊಂಡ ಸರಣಿಯಲ್ಲಿ ಫಾರ್ಸಿ (ಪರ್ಷಿಯನ್) ಭಾಷೆಯ ಮಾತು ಕೇಳಿದ್ದೂ ಇದರಲ್ಲೇ ಮೊದಲು. ಅಷ್ಟು ತಡವಾಯಿತು ನೋಡಿ.

ಸ್ಯಾಂಡ್ಸ್ ಆಫ್ ಟೈಮ್ ಹೊಸ ರೂಪದಲ್ಲಿ ಬರುತ್ತದೆ ಅಂತ 2020ರಲ್ಲಿ ಘೋಷಣೆಯಾಯಿತು. ಕೆಲಸ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳದ್ದು. ಟ್ರೇಲರ್ ನೋಡಿ ಜಗತ್ತೆಲ್ಲ ಗೇಲಿ ಮಾಡಿತು, ತಾರೀಕು ಮುಂದೆ ಹೋಯಿತು, 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಅಷ್ಟು ದಿನ ನಡೆದ ಜಗಳವೆಲ್ಲ ಪ್ರಿನ್ಸ್‌ನ ಮುಖ ಪ್ಲಾಸ್ಟಿಕ್ ಥರ ಇದೆ ಅನ್ನುವುದರ ಮೇಲೆ. ಬಾಕುವಿನಲ್ಲಿ ಎಷ್ಟು ಪಾಲು ಮರಳು ಇರುತ್ತದೆ ಅಂತ ಕೇಳಿದವರು ಎಷ್ಟು ಜನ? ಹಳೇ ಪ್ರಿನ್ಸ್‌ಗೆ ಮುಖವೇ ಇರಲಿಲ್ಲ, ನಾಲ್ಕು ಚುಕ್ಕಿ ಇತ್ತು.

ಮಾತು ಸಾಕು, ಆಡಿ ನೋಡಬೇಕು ಅನ್ನುವವರಿಗೆ: ಆಪಲ್ 2ರ ಮೂಲ ಕೋಡ್ ಇದ್ದ ಫ್ಲಾಪಿಗಳು ಮೆಕ್ನರ್‌ನ ಅಪ್ಪನ ಮನೆಯಲ್ಲಿ ಸಿಕ್ಕಿ 2012ರಲ್ಲಿ ಆ ಕೋಡ್ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣಕ್ಕೆ ಬಂತು. ಅದು ಓದುವವರಿಗೆ, ಆಡುವವರಿಗಲ್ಲ. ಆಡಲು ಬೇಕಾದದ್ದು ಎಸ್‌ಡಿಎಲ್‌ಪಾಪ್. ಅಭಿಮಾನಿಗಳು ಡಾಸ್ ಪ್ರೋಗ್ರಾಮನ್ನೇ ಬಿಚ್ಚಿ ಮರುಕಟ್ಟಿದ ಆವೃತ್ತಿ ಅದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಹಳೇ ಡಾಸ್ ಆಟ ಓಡಿಸುವ ಡಾಸ್‌ಬಾಕ್ಸ್ ಬೇಡ. ಜೊತೆಗಿರುವ, ಸೆಟ್ಟಿಂಗ್ ಬರೆದಿಟ್ಟ ಐಎನ್ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಆಟದ ಹೊಟ್ಟೆಯೇ ಕಾಣುತ್ತದೆ: ಆರಂಭದ ನಿಮಿಷ 60, ಆರಂಭದ ಲೈಫ್ 3, ಸೇವ್‌ಗೆ ಅನುಮತಿ 3ನೇ ಲೆವೆಲಿನಿಂದ, ಶಿಫ್ಟ್-ಎಲ್ ಒತ್ತಿದರೆ ಉಳಿಯುವುದು 15 ನಿಮಿಷ. ಎಲ್ಲವನ್ನೂ ಬದಲಿಸಬಹುದು. ಮೊದಲ ಸಲಕ್ಕೆ ಯಾವುದನ್ನೂ ಮುಟ್ಟಬೇಡಿ.

ಎಫ್6 ಒತ್ತಿದರೆ ನಿಂತಲ್ಲೇ ಸೇವ್, ಎಫ್9 ಒತ್ತಿದರೆ ಅಲ್ಲಿಗೇ ವಾಪಸ್. ಹಳಬರು ಇದನ್ನು ಕಂಡು ಮೆಗಾಹಿಟ್‌ನ ತಮ್ಮ ಬಂದ ಅಂತ ಕುಣಿಯಬಹುದು. ಸ್ವಲ್ಪ ತಾಳಿ. ಅದೇ ಐಎನ್ಐ ಫೈಲಿನಲ್ಲಿ ಕ್ವಿಕ್‌ಸೇವ್ ಪೆನಾಲ್ಟಿ ಅನ್ನುವ ಒಂದು ಸಾಲು ಇದೆ. ಅದು ಚಾಲೂ ಇದ್ದಾಗ ಎಫ್9 ಒತ್ತಿ, ಆಮೇಲೆ ಸ್ಪೇಸ್ ಬಾರ್ ಒತ್ತಿ ನೋಡಿ. ಗಡಿಯಾರದಿಂದ ಒಂದು ನಿಮಿಷದವರೆಗೆ ಕತ್ತರಿಸಿರುತ್ತದೆ.